ಇಪ್ಪತ್ತು ಎಣಿಸುವಷ್ಟು ಹೊತ್ತು

ಜೂನ್ 2, ಸೋಮವಾರ

ಶಾಲೆಯ ಸ್ಕರ್ಟ್ ಆರು, ಪ್ಯಾಂಟ್ ಜಿಪ್ ಒಂದು, ಯಾರದೋ ಮದುವೆಯ ಕೋಟು ಸಡಿಲ ಮಾಡುವುದು. ಹನ್ನೊಂದಕ್ಕೆ ಮನೆಗೆ ಓಡಿ ಅಣ್ಣನನ್ನು ಎಡಮಗ್ಗುಲಿಗೆ ತಿರುಗಿಸಿ, ಬಾಯಿ ಒರೆಸಿ, ಮತ್ತೆ ಅಂಗಡಿಗೆ. ಹನ್ನೆರಡಕ್ಕೆ ಮತ್ತೆ. ಮನೆ ಮೂರನೇ ಮಹಡಿ, ಐವತ್ತನಾಲ್ಕು ಮೆಟ್ಟಿಲು, ದಿನಕ್ಕೆ ಏಳು ಸಲ. ಮೊಣಕಾಲಿಗೆ ಬಾಯಿ ಇದ್ದಿದ್ದರೆ ಬೀದಿಯಲ್ಲಿ ನಿಂತು ನನ್ನನ್ನು ಬೈಯುತ್ತಿತ್ತು. ಹೊಲಿಗೆ ಮೆಷಿನ್ ಮನೆಗೇ ತರೋಣವೆಂದರೆ ಯಾವ ಗಿರಾಕಿಯೂ ಇಷ್ಟು ಮೆಟ್ಟಿಲು ಹತ್ತುವುದಿಲ್ಲ.

ಮಧ್ಯಾಹ್ನ ನರ್ಸಮ್ಮ. ಊರಾಚೆಯ ಕೇರ್ ಹೋಮ್‌ನವರು, ಹದಿನೈದು ದಿನಕ್ಕೊಮ್ಮೆ ಬಂದು ಅಣ್ಣನನ್ನು ನೋಡಿ ಹೋಗುತ್ತಾರೆ. ನರದ ಕಾಯಿಲೆ. ಮಾತು ಮಾರ್ಚ್‌ನಲ್ಲಿ ಹೋಯಿತು, ಎಡಗೈ ಏಪ್ರಿಲ್‌ನಲ್ಲಿ. ಉಳಿದದ್ದು ಬಲಗೈಯ ತೋರುಬೆರಳು ಒಂದು. ಅದರ ಕೆಳಗೆ ನನ್ನ ಗುಂಡಿ ಡಬ್ಬಿಯ ತಗಡಿನ ಮುಚ್ಚಳ ಇಟ್ಟಿದ್ದೇನೆ. ಒಂದು ಸಲ ಕುಟ್ಟಿದರೆ ಹೌದು. ಎರಡು ಸಲ ಕುಟ್ಟಿದರೆ ಇಲ್ಲ. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಅದೊಂದೇ ಸಮಾಧಾನ.

ನರ್ಸಮ್ಮ ಚೀಲ ಮುಚ್ಚುತ್ತಾ ಅಂದರು, "ನಮ್ಮಲ್ಲಿ ಒಂದು ರೂಮ್ ಖಾಲಿ ಇದೆ. ಇಪ್ಪತ್ತನೇ ತಾರೀಖಿನವರೆಗೆ ಹಿಡಿದಿಟ್ಟಿರ್ತೀನಿ. ಹಗಲು ಹೊತ್ತು ಇವರನ್ನ ಒಬ್ಬರೇ ಬಿಡೋದು ಸರಿಯಲ್ಲಮ್ಮ. ಗಂಟಲಲ್ಲಿ ಏನಾದ್ರೂ ಸಿಕ್ಕಿಕೊಂಡ್ರೆ ಯಾರನ್ನ ಹೇಗೆ ಕರೀತಾರೆ?"

"ಗಂಟೆ ಬಾರಿಸ್ತಾನೆ. ಅವನೇ ಮಾಡ್ತಿದ್ದ ಗಂಟೆ ಅರ್ಧ ರೆಡಿ ಇದೆ," ಅಂದೆ.

"ಅರ್ಧ ರೆಡಿ ಇದ್ದರೆ ಅರ್ಧ ಉಸಿರು ಸಾಕಾಗತ್ತಾ?"

ನಗುತ್ತಲೇ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲವರೆಗೂ ಹೋಗಿ ಬೀಳ್ಕೊಡಲಿಲ್ಲ. ಅಣ್ಣ ಎಲ್ಲಿಗೂ ಹೋಗುವುದಿಲ್ಲ. ಇಪ್ಪತ್ತರ ಒಳಗೆ ಗಂಟೆ ಬಾರಿಸಿ ತೋರಿಸದಿದ್ದರೆ ನಾನು ಕತ್ತರಿ ಹಿಡಿಯುವುದೇ ಬಿಡುತ್ತೇನೆ.

ಜೂನ್ 3, ಬೆಳಿಗ್ಗೆ 7

ಅಣ್ಣನ ಡಬ್ಬಿ ಬಿಚ್ಚಿದೆ.

ಮೂವತ್ತೊಂದು ವರ್ಷ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಇದ್ದವನು. ಈ ಗಂಟೆ ಅವನದೇ ಯೋಚನೆ. ಹಾಸಿಗೆಯಲ್ಲಿ ಬೆರಳಿಂದ ಒಂದು ಸ್ವಿಚ್ ಒತ್ತಿದರೆ ಇಂಟರ್ನೆಟ್ ಮೂಲಕ ಅಂಗಡಿಯಲ್ಲಿ ನನ್ನ ಮೆಷಿನ್ ಮೇಲೆ ಗಂಟೆ ಬಾರಿಸಬೇಕು. ಅಂಗಡಿಯ ಡಬ್ಬಿಯನ್ನು ಅವನೇ ಮುಗಿಸಿ ಕೊಟ್ಟಿದ್ದ — ಕೆಂಪು ದೀಪ, ಪುಟ್ಟ ಗಂಟೆ, ಮೊಳೆ ಹೊಡೆದು ಹಾಕಿದ್ದೇನೆ. ಇಲ್ಲಿಂದ ಕಳಿಸುವ ಕಡೆಯದು ಅರ್ಧಕ್ಕೆ ನಿಂತಿತು. ಪ್ರೋಗ್ರಾಂ ಬರೆದು ಮುಗಿಸಿದ ವಾರವೇ ಕೈ ಹೋಯಿತು.

ನೀಲಿ ಬೋರ್ಡ್. ಅದರ ಪಕ್ಕದಲ್ಲಿ ಅಂಚೆ ಚೀಟಿಯಷ್ಟು ದೊಡ್ಡ ವೈರ್‌ಲೆಸ್ ಮಾಡ್ಯೂಲ್, ಎಂಟು ಕಾಲು. ವೈರುಗಳು ಬಿಚ್ಚಿಕೊಂಡು ಬಿದ್ದಿವೆ. ಚಿತ್ರ ಬರೆದಿಡುವ ಅಭ್ಯಾಸ ಅಣ್ಣನಿಗಿಲ್ಲ, ಎಲ್ಲ ತಲೆಯಲ್ಲೇ. ನನಗೆ ಕರೆಂಟಿನ ತಲೆಬುಡ ಗೊತ್ತಿಲ್ಲ. ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದೆ. ಅರ್ಥವಾದದ್ದು ಇಷ್ಟು: ಬೋರ್ಡೂ ಮಾಡ್ಯೂಲೂ ಎರಡು ವೈರಿನಲ್ಲಿ ಮಾತಾಡಬೇಕು, ಒಂದೊಂದೇ ಅಕ್ಷರ ಸಾಲಾಗಿ ಕಳಿಸುತ್ತಾ. ಅದಕ್ಕೇ ಸೀರಿಯಲ್ ಅನ್ನುವುದು. ಲ್ಯಾಪ್‌ಟಾಪಿನಲ್ಲಿ ಸೀರಿಯಲ್ ಮಾನಿಟರ್ ಅಂತ ಒಂದು ಕಿಟಕಿ. ಅದರಲ್ಲಿ 'ಎಟಿ' ಅಂತ ಟೈಪ್ ಮಾಡಿದರೆ ಮಾಡ್ಯೂಲ್ 'ಓಕೆ' ಅನ್ನಬೇಕು. ಅಷ್ಟಾದರೆ ಅದು ಜೀವಂತ ಇದೆ ಅಂತ.

ಎರಡರ ಮೇಲೂ ಟಿಎಕ್ಸ್, ಆರ್‌ಎಕ್ಸ್ ಅಂತ ಗುರುತು. ಟಿಎಕ್ಸ್‌ಗೆ ಟಿಎಕ್ಸ್, ಆರ್‌ಎಕ್ಸ್‌ಗೆ ಆರ್‌ಎಕ್ಸ್ ಸೇರಿಸಿದೆ. ಇದು ನನ್ನ ಕಸುಬು. ತೋಳಿನ ಗುರುತಿಗೆ ಹೆಗಲಿನ ಗುರುತು ಕೂಡಿಸಿಯೇ ನಲವತ್ತು ವರ್ಷ ಹೊಲಿದಿದ್ದೇನೆ.

ಎಟಿ. ಉತ್ತರವಿಲ್ಲ. ಎಟಿ. ಎಟಿ. ಕಿಟಕಿ ಬಿಳಿ ಹಾಳೆಯ ಹಾಗೇ ಕೂತಿದೆ. ಅಂಗಡಿಗೆ ತಡವಾಯಿತು.

ಜೂನ್ 5, ಸಂಜೆ 6

ತಲೆ ಚಿಟ್ಟು ಹಿಡಿಯಿತು. ಆಮೇಲೆ ಹೊಳೆಯಿತು — ಗುರು ಮನೆಯಲ್ಲೇ ಮಲಗಿರುವಾಗ ವಿಡಿಯೋ ಯಾಕೆ? ಹೌದು–ಇಲ್ಲ ಅನ್ನುವಂಥ ಪ್ರಶ್ನೆ ಮಾಡಿದರೆ ಆಯಿತು.

ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಗೆರೆ ಎಳೆದೆ. ಎಡಗಡೆ ಪ್ರಶ್ನೆ, ಬಲಗಡೆ ಅಣ್ಣ ಕುಟ್ಟಿದ್ದು. ಬೇಗಬೇಗ ಕೇಳಿದೆ, ಅವನಿಗೆ ಸುಸ್ತಾಗಬಾರದು ಅಂತ. ಇಲ್ಲೂ ಬರೆದಿಡುತ್ತೇನೆ:

ಮಾಡ್ಯೂಲಿಗೆ ಬೋರ್ಡಿನ ಕರೆಂಟೇ ಸಾಕಾ? — ಸುಮ್ಮನಿದ್ದ.
ಬೇರೆ ಸಪ್ಲೈ ಕೊಡಬೇಕಾ? — ಎರಡು.
ಟಿಎಕ್ಸ್ ಟಿಎಕ್ಸ್‌ಗೇ ಹೋಗಬೇಕಾ? — ಒಂದು.
ನೀನು ಬರೆದ ಪ್ರೋಗ್ರಾಂ ಸರಿ ಇದೆಯಾ? — ಎರಡು.
ನೆಟ್‌ವರ್ಕ್ ಹೆಸರು ತಪ್ಪಾ, ನಮ್ಮನೇದು ಹಾಕಲಾ? — ಒಂದು.

ಈ ಕೊನೆಯದು ಯಾಕೆ ಕೇಳಿದೆನೆಂದರೆ, ಪ್ರೋಗ್ರಾಂನಲ್ಲಿ ವೈಫೈ ಹೆಸರು 'ವೆಸ್ಟ್‌ವಿಂಗ್-2' ಅಂತಿದೆ. ನಮ್ಮ ಮನೆಯ ವೈಫೈ ಹೆಸರು ಅದಲ್ಲ. ಅಕ್ಕಪಕ್ಕದವರದ್ದೂ ಅಲ್ಲ.

ಪೆನ್ನು ಕೆಳಗಿಡುವ ಮುಂಚೆ ಇನ್ನೊಂದು ಕೇಳಿಯೇಬಿಟ್ಟೆ. ಕೇಳುವಾಗ ಅವನ ಮುಖ ನೋಡಲಿಲ್ಲ, ಹಾಳೆ ನೋಡುತ್ತಿದ್ದೆ.

ಆ ಹೋಮ್‌ಗೆ ಹೋಗ್ತೀಯಾ? — ಎರಡು.

ಎರಡು! ಸ್ಪಷ್ಟವಾಗಿ, ಟಕ್ ಟಕ್. ಅಳು ಬಂತು, ನಗು ಬಂತು. ಗೊತ್ತಿತ್ತು ನನಗೆ.

ಟೀ ಬೇಕಾ? — ಒಂದು.

ಗಂಟಲಿಗೆ ಸಿಕ್ಕದಿರಲಿ ಅಂತ ಗಟ್ಟಿ ಮಾಡುವ ಪುಡಿ ಹಾಕಿ ಟೀ ತಂದೆ. ಚಮಚ ತುಟಿಗಿಟ್ಟರೆ ಬಾಯಿ ತೆರೆಯಲಿಲ್ಲ. ಆ ಸಂಭ್ರಮದಲ್ಲಿ ನಾನೇ ಕುಡಿದೆ. ಅಡುಗೆಮನೆಗೆ ಏಳುವಾಗಲೂ ಮುಚ್ಚಳದ ಮೇಲೆ ಬೆರಳು ಆಡುತ್ತಿತ್ತು. ನರ ಎಳೆಯುತ್ತದೆ, ಅರ್ಥ ಹುಡುಕಬೇಡಿ ಅಂತ ನರ್ಸಮ್ಮ ಹಿಂದೆಯೇ ಹೇಳಿದ್ದರು.

ಜೂನ್ 6

ಬೆಳಿಗ್ಗೆ ಮೊದಲ ಕೆಲಸ, ಹೋಮ್‌ಗೆ ಫೋನ್. "ನಮಗೆ ರೂಮ್ ಬೇಡ. ಅಣ್ಣನೇ ಬೇಡ ಅಂದ." ನರ್ಸಮ್ಮ, "ಅವರೇ ಅಂದ್ರಾ?" ಅಂದರು. "ನಾನೇನು ಸುಳ್ಳು ಹೇಳ್ತೀನಾ?" ಅಂದೆ. "ಹಾಗಲ್ಲಮ್ಮ. ಇಪ್ಪತ್ತರವರೆಗೆ ಇರಲಿ ಬಿಡಿ, ಹೇಗೂ ಹದಿನಾರಕ್ಕೆ ಬರ್ತೀನಲ್ಲ."

ಬಿಡದ ಅಂಟು ನೀವು ಅನ್ನೋಣ ಅನ್ನಿಸಿತು. ಅನ್ನಲಿಲ್ಲ.

ಪ್ರೋಗ್ರಾಂನಲ್ಲಿ ಹೆಸರು ಬದಲಿಸಿ ನಮ್ಮನೆಯದು ಹಾಕಿದೆ. ವೈರು ಮೊದಲಿದ್ದ ಹಾಗೇ.

ಎಟಿ. ಉತ್ತರವಿಲ್ಲ.

ಜೂನ್ 7

ಉತ್ತರವಿಲ್ಲ. ಮಾಡ್ಯೂಲಿನ ನೀಲಿ ದೀಪ ಒಂದು ಸಲ ಹತ್ತಿ, ಕುಂದಿ, ಮತ್ತೆ ಹತ್ತುತ್ತದೆ. ತೂಕಡಿಸುವವರ ಹಾಗೆ. ಮದುವೆಯ ಕೋಟಿಗೆ ಕೈ ಹಾಕಿಲ್ಲ, ಅವರು ಎರಡು ಸಲ ಬಂದು ಹೋದರು. ಎರಡನೇ ಸಲ ಅಂಗಡಿಯಲ್ಲಿ ನಾನಿರಲಿಲ್ಲ, ಮೆಟ್ಟಿಲ ಮೇಲಿದ್ದೆ.

ಜೂನ್ 9, ಮಧ್ಯಾಹ್ನ 2

ಭೂತಗನ್ನಡಿಯನ್ನು ಕರೆತಂದೆ. ಅಂಗಡಿಯ ಪಕ್ಕದಲ್ಲಿ ಫೋನ್ ರಿಪೇರಿ ಮಾಡುವವರು. ಐವತ್ತು ದಾಟಿದೆ, ಒಂದು ಕಣ್ಣಿಗೆ ಸದಾ ಮಸೂರ ಸಿಕ್ಕಿಸಿಕೊಂಡೇ ಇರುತ್ತಾರೆ. ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ ಅಂತ ಅವರ ಹೆಂಡತಿ ಹೇಳುತ್ತಾರೆ. ಹಿಂದೆ ಅಣ್ಣನ ಹತ್ತಿರ ಕಲಿತವರು. ಮೆಟ್ಟಿಲು ಹತ್ತಿ ಬಂದು ಮೊದಲು ಅಣ್ಣನ ಕಾಲು ಮುಟ್ಟಿ, "ಸಾರ್, ನಾನು," ಅಂದರು. ಅಣ್ಣನ ಕಣ್ಣು ಒದ್ದೆಯಾಯಿತು.

ಬೋರ್ಡ್ ನೋಡಿದ್ದೇ ತಡ, "ಅಯ್ಯೋ ರಾಮ, ಇದೇನಮ್ಮ ಕಟ್ಟಿದ್ದೀರ!"

"ಏನಾಯ್ತೀಗ?"

"ಟಿಎಕ್ಸ್ ಅಂದ್ರೆ ಬಾಯಿ, ಆರ್‌ಎಕ್ಸ್ ಅಂದ್ರೆ ಕಿವಿ. ಇದರ ಬಾಯಿ ಅದರ ಕಿವಿಗೆ ಹೋಗ್ಬೇಕಲ್ವಾ? ನೀವು ಬಾಯಿಗೆ ಬಾಯಿ, ಕಿವಿಗೆ ಕಿವಿ ಹೊಲಿದಿಟ್ಟಿದ್ದೀರ. ಇಬ್ಬರೂ ಕೂಗ್ತಾರೆ, ಯಾರಿಗೂ ಕೇಳಲ್ಲ."

"ಅಣ್ಣನೇ ಹಾಗೆ ಹೇಳಿದ್ದು," ಅಂದೆ.

ಅವರು ಮಸೂರ ಮೇಲೆತ್ತಿದರು. "ಸಾರ್ ಹೇಳಿದ್ರಾ? ಛೆ, ಇರಲಿಕ್ಕಿಲ್ಲ. ಈ ಮಾಡ್ಯೂಲಿಗೆ ಬೋರ್ಡಿನ ಕರೆಂಟ್ ಸಾಲಲ್ಲ, ಬೇರೆ ಸಪ್ಲೈ ಬೇಕು. ಅದಕ್ಕೇ ಹೀಗೆ ತೂಕಡಿಸ್ತಿದೆ. ಅದೂ ಸಾರೇ ಬೇಡ ಅಂದ್ರಾ?"

ಹೌದು ಅಂತ ತಲೆಯಾಡಿಸಿದೆ. ಅವರು ವೈರು ಅದಲುಬದಲು ಮಾಡಿ, ಸಪ್ಲೈ ಗುರುವಾರ ತರುತ್ತೇನೆ ಅಂದು ಮೆಲ್ಲಗೆ ಹೊರಟರು. ಮೆಟ್ಟಿಲ ಹತ್ತಿರ ನಿಂತು ತಗ್ಗಿದ ದನಿಯಲ್ಲಿ, "ಸಾರ್‌ಗೆ ನೆನಪು... ಸರಿಯಾಗಿದೆ ತಾನೇ?"

ಬಾಗಿಲು ಹಾಕಿಕೊಂಡೆ.

ಅದೇ ದಿನ, 5

ಎರಡು ತಪ್ಪು ಉತ್ತರ. ಪ್ರೋಗ್ರಾಂ ತಪ್ಪು ಅಂದದ್ದು ಮೂರನೆಯದು ಇರಬಹುದು. ನೂರಾರು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠವಂತೆ ಇದು.

ಬುದ್ಧಿಗೆ ಏನೂ ಆಗುವುದಿಲ್ಲ ಅಂದಿದ್ದರು ಡಾಕ್ಟರು. ಬೆರಳು ಒಳಗಿನ ಅಣ್ಣನ ಮಾತನ್ನೇ ಹೇಳುತ್ತಿದೆ ಅಂತ ನಂಬಿ ಇಷ್ಟು ದಿನ ಬಾಳಿದೆ. ಅದೂ ಹೋದರೆ ನಾನು ಯಾರ ಜೊತೆ ಇದ್ದೇನೆ ಇಲ್ಲಿ? ನರ್ಸಮ್ಮನಿಗೆ ತಿಳಿದರೆ ಮುಗಿಯಿತು. ಗಂಟೆ ಇದ್ದರೆ ಏನು, ಬಾರಿಸಬೇಕು ಅಂತ ಹೊಳೆಯಬೇಕಲ್ಲ.

ಭಯವಾಗುತ್ತಿದೆ. ಬೇರೆ ಶಬ್ದ ಹುಡುಕುವುದಿಲ್ಲ.

ಜೂನ್ 10

ಅಣ್ಣನನ್ನು ಏನೂ ಕೇಳಲಿಲ್ಲ. ಒರೆಸಿದೆ, ತಿರುಗಿಸಿದೆ, ಉಣ್ಣಿಸಿದೆ. ಕೇಳಿದರೆ ಇನ್ನೊಂದು ತಪ್ಪು ಉತ್ತರ ಬಂದೀತು ಅಂತ. ಮುಚ್ಚಳ ತೆಗೆದು ಕಿಟಕಿಯ ಮೇಲಿಟ್ಟೆ.

ಅವನು ಮುಚ್ಚಳವನ್ನೇ ನೋಡುತ್ತಿದ್ದ. ಸಂಜೆ ಮತ್ತೆ ಬೆರಳ ಕೆಳಗೆ ಇಟ್ಟೆ. ನಾಚಿಕೆಯಾಯಿತು.

ಜೂನ್ 12, ಬೆಳಿಗ್ಗೆ 10

ಭೂತಗನ್ನಡಿ ಬೇರೆ ಸಪ್ಲೈ ತಂದು ಜೋಡಿಸಿದರು. ಎರಡೂ ಕಡೆಯ ಕಪ್ಪು ವೈರು ಒಂದಕ್ಕೊಂದು ಸೇರಿಸಿ, "ಒಂದೇ ನೆಲದ ಮೇಲೆ ನಿಂತು ಮಾತಾಡ್ಲಿ," ಅಂದರು. ನೀಲಿ ದೀಪ ನಿಂತು ಉರಿಯಿತು.

ಎಟಿ. ಈ ಸಲ ಏನೋ ಬಂತು! ಆದರೆ ಅಕ್ಷರವಲ್ಲ. ಪ್ರಶ್ನಾರ್ಥಕ ಚಿಹ್ನೆ, ಚೌಕ, ತಲೆಕೆಳಗಾದ ಚಿಹ್ನೆ, ಮತ್ತೆ ಚೌಕ. ಹುಚ್ಚು ಹಿಡಿದವರ ಕಾಗದದ ಹಾಗೆ.

"ಕೆಟ್ಟುಹೋಗಿದೆಯಾ?" ಅಂದೆ.

"ಇಲ್ಲ ಇಲ್ಲ. ಅದು ಸರಿಯಾಗೇ ಹೇಳ್ತಿದೆ. ನಾವು ಕೇಳೋ ಸ್ಪೀಡ್ ತಪ್ಪು. ಎರಡೂ ಕಡೆ ಒಂದೇ ವೇಗ ಇಲ್ಲ ಅಂದ್ರೆ ಒಂದರ ಜಾಗದಲ್ಲಿ ಇನ್ನೊಂದು ಓದಿಕೊಳ್ಳತ್ತೆ."

ಕಿಟಕಿಯ ಮೂಲೆಯಲ್ಲಿ ಒಂಬತ್ತು ಸಾವಿರದ ಆರುನೂರು ಅಂತಿತ್ತು. ಅದನ್ನು ಒಂದು ಲಕ್ಷದ ಹದಿನೈದು ಸಾವಿರದ ಇನ್ನೂರು ಮಾಡಿದರು. ನಾನೇ ಟೈಪ್ ಮಾಡಿದೆ.

ಓಕೆ.

ಅಷ್ಟೇ. ಎರಡು ಅಕ್ಷರ. ಆಮೇಲೆ ಬೋರ್ಡಿನ ಕಡೆಯೂ ಅದೇ ವೇಗಕ್ಕೆ ಹೊಂದಿಸಿದರು. ನಮ್ಮನೆಯ ವೈಫೈಗೆ ಸೇರಿಕೊಂಡಿತು. ಸ್ವಿಚ್ಚನ್ನು ಅಣ್ಣನ ಮುಚ್ಚಳದ ಜಾಗದಲ್ಲಿ ಅಂಟಿಸಿದೆವು. ಭೂತಗನ್ನಡಿ ಅಂಗಡಿಗೆ ಹೋಗಿ ಅಲ್ಲಿಂದ ಫೋನ್ ಮಾಡಿದರು. ನಾನು ಸ್ವಿಚ್ ಒತ್ತಿದೆ. ಫೋನಿನಲ್ಲೇ ಗಂಟೆ ಕೇಳಿಸಿತು. ಒತ್ತಿದ ಕ್ಷಣಕ್ಕೇ!

ಗೆದ್ದೆ. ಹದಿನಾರಕ್ಕೆ ನರ್ಸಮ್ಮ ಬರಲಿ, ತೋರಿಸುತ್ತೇನೆ.

ಅದೇ ದಿನ, 11:30

ಬರೆಯಬೇಕು.

"ಈಗ ನೀನು ಒತ್ತು ಅಣ್ಣ," ಅಂದೆ. ಫೋನಿನಲ್ಲಿ ಭೂತಗನ್ನಡಿ, "ಬರ್ಲಿಲ್ಲ." ಕಾದೆ. "ಬರ್ಲಿಲ್ಲಮ್ಮ." ವೈರು ಸಡಿಲವೇನೋ ಅಂತ ಬಗ್ಗಿ ನೋಡುವಷ್ಟರಲ್ಲಿ, "ಹಾಂ, ಬಂತು ಬಂತು!"

ಮತ್ತೆ ಒತ್ತು ಅಂದೆ. ಮತ್ತೆ ತಡ. ನಾನು ಒತ್ತಿದರೆ ತಕ್ಷಣ. ಅವನು ಒತ್ತಿದರೆ ತಡ.

"ವೈರ್‌ಲೆಸ್ ನಿಧಾನವಾ?"

"ನೀವು ಒತ್ತಿದ್ರೆ ಸರಿಯಾಗೇ ಬರ್ತಿದೆಯಲ್ಲಮ್ಮ..." ಅಂದರು ಫೋನಿನಲ್ಲಿ.

ಫೋನ್ ಇಟ್ಟೆ. ಕುರ್ಚಿ ಎಳೆದು ಕೂತೆ. ಮುಚ್ಚಳವನ್ನು ಮತ್ತೆ ಬೆರಳ ಕೆಳಗಿಟ್ಟು ಕೇಳಿದೆ, "ನಾನು ನಿನ್ನ ತಂಗಿನಾ?" ಬಾಯಿ ಮುಚ್ಚಿಕೊಂಡು ಎಣಿಸಿದೆ. ಹದಿನೇಳಕ್ಕೆ ಬೆರಳು ಎದ್ದಿತು. ಒಂದು.

"ನಾನು ನಿನ್ನ ಅಕ್ಕನಾ?" ಹದಿನೆಂಟು, ಹತ್ತೊಂಬತ್ತು. ಎರಡು.

"ನನ್ನ ಅಡುಗೆ ಚೆನ್ನಾಗಿರತ್ತಾ?" ಇಪ್ಪತ್ತು. ಎರಡು. ಕಣ್ಣಿನ ಮೂಲೆಯಲ್ಲಿ ನಗು.

ಬುದ್ಧಿ ಎಲ್ಲಿಗೂ ಹೋಗಿಲ್ಲ! ಒಳಗಿಂದ ಬೆರಳ ತುದಿಗೆ ಬರಲು ಇಪ್ಪತ್ತು ಎಣಿಸುವಷ್ಟು ಹೊತ್ತು ಬೇಕು, ಅಷ್ಟೇ. ನಾನು ಅಷ್ಟು ಹೊತ್ತು ಕಾಯದೆ ಮುಂದಿನ ಪ್ರಶ್ನೆಗೆ ಹಾರುತ್ತಿದ್ದೆ. ಅಪ್ಪುಗೆಗೆ ಕೈ ಎತ್ತಲಾಗದ ಅಣ್ಣನನ್ನು ನಾನೇ ಅಪ್ಪಿಕೊಂಡು ಗೊಳೋ ಅಂತ ಅತ್ತೆ.

ಜೂನ್ 13, ಅಂಗಡಿ, ಬೆಳಿಗ್ಗೆ

ಕೋಟಿನ ಅಳತೆ ನೋಡಲು ಪುಸ್ತಕ ತೆಗೆದೆ. ಕೊನೆಯ ಹಾಳೆ ಕಂಡಿತು.

ಅಂಗಡಿ ಇಟ್ಟ ಹೊಸತರಲ್ಲಿ ಒಂದು ಸಲ ಹೀಗಾಗಿತ್ತು. ಕತ್ತಿನ ಅಳತೆ ಎದೆಯ ಸಾಲಿನಲ್ಲಿ, ಎದೆಯದು ಸೊಂಟದ ಸಾಲಿನಲ್ಲಿ. ಎಲ್ಲ ಅಂಕಿಯೂ ಸರಿ, ಒಂದು ಸಾಲು ಜಾರಿತ್ತು ಅಷ್ಟೇ. ಹೊಲಿದ ಅಂಗಿ ಭೂಮಿಯ ಮೇಲೆ ಯಾರಿಗೂ ಆಗುವಂತಿರಲಿಲ್ಲ. ಅಣ್ಣ ಅದನ್ನು ಹಾಕಿಕೊಂಡು ಮನೆಯೆಲ್ಲ ಕುಣಿದಿದ್ದ.

ಕತ್ತರಿ ತೆಗೆದುಕೊಂಡೆ. ಉತ್ತರದ ಪಟ್ಟಿಯನ್ನು ಉದ್ದಕ್ಕೆ ಕತ್ತರಿಸಿ, ಪ್ರಶ್ನೆಗಳ ಪಕ್ಕದಲ್ಲಿ ಒಂದು ಸಾಲು ಮೇಲಕ್ಕೆ ಸರಿಸಿದೆ. ಪ್ರತಿ ಉತ್ತರವೂ ಅದರ ಹಿಂದಿನ ಪ್ರಶ್ನೆಯದು.

ಬೋರ್ಡಿನ ಕರೆಂಟೇ ಸಾಕಾ? ಇಲ್ಲ.
ಬೇರೆ ಸಪ್ಲೈ ಬೇಕಾ? ಹೌದು.
ಟಿಎಕ್ಸ್ ಟಿಎಕ್ಸ್‌ಗೇನಾ? ಇಲ್ಲ.
ಪ್ರೋಗ್ರಾಂ ಸರಿ ಇದೆಯಾ? ಹೌದು.
ನೆಟ್‌ವರ್ಕ್ ಹೆಸರು ತಪ್ಪಾ? ಇಲ್ಲ.

ಎಲ್ಲ ಸರಿಯಾಗಿ ಹೇಳಿದ್ದ ನನ್ನ ಅಣ್ಣ. ಒಂದೂ ತಪ್ಪಿಲ್ಲ. ಖುಷಿಯಲ್ಲಿ ಓದುತ್ತಾ ಓದುತ್ತಾ ಆರನೇ ಸಾಲಿಗೆ ಬಂದೆ.

ಆ ಹೋಮ್‌ಗೆ ಹೋಗ್ತೀಯಾ?

ಟೀಯ ಮುಂದೆ ಬರೆದಿದ್ದ ಆ ಒಂದು, ಈಗ ಇದರ ಪಕ್ಕ ಬಂದು ಕೂತಿದೆ.

ಹೌದು.

ಜೂನ್ 16, ಸೋಮವಾರ

ಮೂರು ದಿನ ಬರೆಯಲಿಲ್ಲ. ಮೂರು ದಿನ ಅಣ್ಣನಿಗೆ ಆ ಪ್ರಶ್ನೆ ಮತ್ತೆ ಕೇಳಲಿಲ್ಲ. ಪಟ್ಟಿಯನ್ನು ಪುಸ್ತಕದೊಳಗೆ ಮಡಚಿಟ್ಟೆ. ಒಂದು ಸಲ ಹರಿದುಹಾಕೋಣ ಅಂತ ಕೈಗೂ ತೆಗೆದುಕೊಂಡಿದ್ದೆ. ಯಾರಿಗೆ ಗೊತ್ತಾಗುತ್ತದೆ? ಗಂಟೆ ಕೆಲಸ ಮಾಡುತ್ತಿದೆ. ನಾಲ್ಕು ಸಲ ಅಂಗಡಿಯಲ್ಲಿ ಬಾರಿಸಿತು, ನಾಲ್ಕು ಸಲವೂ ಓಡಿ ಹೋದೆ. ಒಂದು ಸಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ನರ್ಸಮ್ಮ ಬಂದರು. ಗಂಟೆ ತೋರಿಸಿದೆ. "ಭೇಷ್!" ಅಂದರು ಮನಸಾರೆ. ಲ್ಯಾಪ್‌ಟಾಪ್ ತೆರೆದೇ ಇತ್ತು, ಪಕ್ಕದಲ್ಲಿ ನಾನು ಹಳೆಯ ವೈಫೈ ಹೆಸರು, ಪಾಸ್‌ವರ್ಡ್ ಬರೆದುಕೊಂಡಿದ್ದ ಚೀಟಿ. ಅದನ್ನು ಎತ್ತಿ ನೋಡಿದರು.

"ಇದ್ಯಾಕೆ ಇಲ್ಲಿದೆ? ವೆಸ್ಟ್‌ವಿಂಗ್-2. ಇದು ನಮ್ಮಲ್ಲಿನ ವೈಫೈ. ಪಶ್ಚಿಮದ ಕಡೆ ರೂಮುಗಳದ್ದು."

ನಾನು ಚೀಟಿಯನ್ನು ಅವರ ಕೈಯಿಂದ ತೆಗೆದುಕೊಂಡೆ.

"ನಿಮ್ಮಣ್ಣ ಫೆಬ್ರವರಿಯಲ್ಲಿ ವಾಕರ್ ಹಿಡ್ಕೊಂಡು ಬಂದಿದ್ರಲ್ಲ. ರೂಮ್ ನೋಡಿದ್ರು, ಕಿಟಕಿ ತೆಗೆದು ಹಾಕಿ ಮಾಡಿದ್ರು, ಆಫೀಸಲ್ಲಿ ಪಾಸ್‌ವರ್ಡ್ ಬರೆಸಿಕೊಂಡ್ರು. ತಂಗಿಗೆ ನಾನೇ ಹೇಳ್ತೀನಿ ಅಂದಿದ್ರು. ಹೇಳಿರ್ತಾರೆ ಅಂದ್ಕೊಂಡಿದ್ದೆ."

ಫೆಬ್ರವರಿ. ಹಳೆಯ ಕಾಲೇಜಿಗೆ ಹೋಗಿ ಬರುತ್ತೇನೆ ಅಂದಿದ್ದ ದಿನ.

ಅವನು ಹೇಳಲಿಲ್ಲ ಅಂತಲ್ಲ. ಮಾರ್ಚ್‌ನಲ್ಲಿ, ಮಾತು ತೊದಲುತ್ತಿದ್ದಾಗ, ಊಟದ ಹೊತ್ತಿಗೆ ಶುರುಮಾಡಿದ. "ಹೋಮ್..." ಅನ್ನುವಷ್ಟರಲ್ಲಿ ನಾನು ತಟ್ಟೆ ಕುಕ್ಕಿದೆ. "ಇನ್ನೊಂದು ಸಲ ಆ ಮಾತೆತ್ತಿದ್ರೆ ನನ್ನ ಹೆಣ ನೋಡ್ತೀಯ!" ಇನ್ನೊಂದು ಸಲ ಎತ್ತಲಿಲ್ಲ. ಆಮೇಲೆ ಎತ್ತಲು ಬಾಯಿಯೇ ಇರಲಿಲ್ಲ. ಇಲ್ಲಿ ಬರೆಯದಿದ್ದರೆ ಇನ್ನೆಲ್ಲಿ ಬರೆಯಲಿ? ಅಣ್ಣನ ಬಾಯಿಗೆ ಕಾಯಿಲೆಗಿಂತ ಮೊದಲು ಬೀಗ ಹಾಕಿದವಳು ನಾನು.

ಜೂನ್ 17, ಮಧ್ಯಾಹ್ನ 3

ಅಂಗಡಿ ಮುಚ್ಚಿ ಬಂದೆ. ಫೋನ್ ಬೇರೆ ಕೋಣೆಯಲ್ಲಿಟ್ಟೆ. ಕುರ್ಚಿ, ಮುಚ್ಚಳ, ಅಣ್ಣ, ನಾನು.

"ಅಲ್ಲಿಗೆ ಹೋಗ್ತೀಯಾ?"

ಎಣಿಸಿದೆ. ಈ ಸಲ ಮುಖ ನೋಡಿಕೊಂಡೇ. ಹದಿನೆಂಟಕ್ಕೆ, ಒಂದು. ಇಪ್ಪತ್ತೈದರವರೆಗೂ ಕಾದೆ, ಇನ್ನೊಂದು ಬಂದೀತು ಅಂತ. ಬರಲಿಲ್ಲ.

"ನನಗೋಸ್ಕರಾನಾ? ನನ್ನ ಮೊಣಕಾಲಿಗೋಸ್ಕರ?"

ಹದಿನೇಳು. ಎರಡು.

ಅದಕ್ಕಲ್ಲವಂತೆ. ಸಿಟ್ಟು ಬಂತು ನೋಡು, ಎಲ್ಲಿತ್ತೋ! "ಹಾಗಾದ್ರೆ ಯಾಕೆ? ನಾನೇನು ಕಡಿಮೆ ಮಾಡಿದೆ ನಿನಗೆ?" ಅಂದೆ. ಇದಕ್ಕೆ ಹೌದು–ಇಲ್ಲ ಅನ್ನುವ ಉತ್ತರವಿಲ್ಲ. ಬೆರಳು ಹಾಗೇ ಇತ್ತು. ಅವನ ಕಣ್ಣು ಗೋಡೆಯ ಗಡಿಯಾರದ ಮೇಲೆ. ನಾನೂ ನೋಡಿದೆ. ಮೂರೂ ಕಾಲು. ದಿನವೂ ಈ ಹೊತ್ತಿಗೆ ಅವನು ನೋಡುವುದು ಅದನ್ನೇ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ನನ್ನ ಎರಡು ಓಟಗಳ ನಡುವೆ. ಗಂಟಲಲ್ಲಿ ಏನೋ ನಿಂತರೆ ಗಡಿಯಾರ ನೋಡಬೇಕು. ಇನ್ನು ಎಷ್ಟು ನಿಮಿಷಕ್ಕೆ ಬರುತ್ತಾಳೆ ಅಂತ.

ಯಾವತ್ತೂ ಕೇಳಿರಲಿಲ್ಲ. ಕರೆಂಟ್ ಹೊಡೆದರೂ ನಗುತ್ತಿದ್ದವನು. ಚಿಕ್ಕವಳಿದ್ದಾಗ ಗುಡುಗಿಗೆ ನಾನು ಅವನ ಅಂಗಿಯೊಳಗೆ ತಲೆ ತೂರಿಸುತ್ತಿದ್ದೆ.

"ಅಣ್ಣ... ಒಬ್ಬನೇ ಇರೋಕೆ ಭಯ ಆಗತ್ತಾ?"

ಎಣಿಸಲು ಶುರುಮಾಡಿದ್ದೆ ಅಷ್ಟೇ. ಒಂಬತ್ತಕ್ಕೆ ಬೆರಳು ಬಿತ್ತು. ಇಷ್ಟು ಬೇಗ ಯಾವ ಉತ್ತರವೂ ಬಂದಿರಲಿಲ್ಲ.

ಒಂದು.

ಇಬ್ಬರೂ ಅತ್ತೆವು. ಅವನದು ಒರೆಸಿ ಆಮೇಲೆ ನನ್ನದು ಒರೆಸಿಕೊಂಡೆ.

ಕತ್ತಲಾಗುವ ಮುಂಚೆ ಇನ್ನೊಂದು ಕೇಳಿದೆ. "ಈ ಗಂಟೆ ಮೊದಲಿಂದಲೂ ಅಲ್ಲಿಂದ ಬಾರಿಸೋಕೆ ಅಂತಲೇ ಮಾಡಿದ್ದಾ?" ಹದಿನೆಂಟು. ಒಂದು.

ಜೂನ್ 18

ಹೋಮ್‌ಗೆ ಫೋನ್ ಮಾಡಿದೆ. ತಪ್ಪಾಯಿತು ಅಂದೆ. ಏನು ತಪ್ಪು ಅಂತ ಅವರು ಕೇಳಲಿಲ್ಲ, ದೊಡ್ಡ ಮನಸ್ಸು.

ಪ್ರೋಗ್ರಾಂನಲ್ಲಿ ಹೆಸರು ಮತ್ತೆ ವೆಸ್ಟ್‌ವಿಂಗ್-2. ಒಂದೊಂದೇ ಅಕ್ಷರ, ಅಣ್ಣ ಬರೆದಿದ್ದ ಹಾಗೇ. ಬೋರ್ಡಿಗೆ ತುಂಬಿಸಿದೆ. ನಮ್ಮನೆಯಲ್ಲಿ ಅದಕ್ಕೆ ಈಗ ಯಾವ ನೆಟ್‌ವರ್ಕೂ ಸಿಗುವುದಿಲ್ಲ. ನೀಲಿ ದೀಪ ಹುಡುಕುತ್ತಾ ಹುಡುಕುತ್ತಾ ಮಿನುಗುತ್ತಿದೆ. ಕೆಟ್ಟಿದ್ದಲ್ಲ ಅಂತ ಗೊತ್ತಿದ್ದರೂ ನೋಡಲಾಗುವುದಿಲ್ಲ.

ಜೂನ್ 20, ಶುಕ್ರವಾರ

ಐವತ್ತನಾಲ್ಕು ಮೆಟ್ಟಿಲು ಇಳಿಸಲು ನಾಲ್ಕು ಜನ. ಮುಂದೆ ಭೂತಗನ್ನಡಿ, "ನಿಧಾನ, ನಿಧಾನ, ಸಾರ್ ಇದ್ದಾರೆ" ಅನ್ನುತ್ತಾ. ಇನ್ಯಾರಿದ್ದಾರೆ ಅಂದುಕೊಂಡರೋ. ಅವರು ಮಸೂರ ತೆಗೆದದ್ದು ನಾನು ನೋಡಿದ್ದು ಇದೇ ಮೊದಲು, ಬೆವರು ಒರೆಸುವ ನೆಪದಲ್ಲಿ.

ರೂಮ್ ಚಿಕ್ಕದು, ಬೆಳಕಿದೆ. ಕಿಟಕಿಯ ಆಚೆ ಗೋಡೆ, ಗೋಡೆಯ ಆಚೆ ಒಂದು ಮರದ ಅರ್ಧ. ಬಾಗಿಲ ಎದುರಿಗೇ ನರ್ಸ್‌ಗಳ ಮೇಜು, ಹದಿಮೂರು ಹೆಜ್ಜೆ. ಎರಡು ಸಲ ಅಳೆದೆ. ಬೋರ್ಡಿಗೆ ಪವರ್ ಕೊಟ್ಟೆ. ದೀಪ ಮಿನುಗಿತು, ಮಿನುಗಿತು, ನಿಂತಿತು. ಸೇರಿಕೊಂಡಿತು! ನಾಲ್ಕು ತಿಂಗಳ ಹಿಂದೆ ಅವನು ಇಲ್ಲೇ ಬರೆಸಿಕೊಂಡಿದ್ದ ಹೆಸರು.

ಒಪ್ಪಂದ ಮಾಡಿಕೊಂಡೆವು. ನರ್ಸ್ ಕರೆಯಲು ಬೇರೆ ಸ್ವಿಚ್ ಇದೆ. ನಮ್ಮದು ನನಗೆ ಮಾತ್ರ. ದಿನಕ್ಕೊಮ್ಮೆ ಒಂದು ಸಲ ಬಾರಿಸಿದರೆ, ಚೆನ್ನಾಗಿದ್ದೇನೆ. ಎರಡು ಸಲ ಅಂದರೆ, ಬಾ.

"ಸಾಯೋ ಹಾಗಾದ್ರೆ ಮಾತ್ರ ಎರಡು ಒತ್ತೋದು ಅಂತ ಇಟ್ಕೋಬೇಡ ಮತ್ತೆ," ಅಂದೆ. "ಸುಮ್ನೆ ನೋಡ್ಬೇಕು ಅನ್ನಿಸಿದ್ರೂ ಒತ್ತಬಹುದು. ತಿಳೀತಾ?"

ಹತ್ತೊಂಬತ್ತು. ಒಂದು.

ಬಸ್ಸಿನಲ್ಲಿ ಕೂತಾಗ ಗುಂಡಿ ಡಬ್ಬಿಯ ಮುಚ್ಚಳ ನನ್ನ ಕೈಯಲ್ಲೇ ಇತ್ತು. ಮನೆಯಲ್ಲಿ ಡಬ್ಬಿಗೆ ಹಾಕಿದೆ, ಸರಿಯಾಗಿ ಕೂರಲಿಲ್ಲ. ನಡುವೆ ತಗ್ಗಾಗಿದೆ.

ಜೂನ್ 21, ಅಂಗಡಿ, 10:15

ಮೆಟ್ಟಿಲಿಲ್ಲದ ಬೆಳಿಗ್ಗೆ. ಹನ್ನೊಂದಕ್ಕೆ ಮನೆಗೆ ಓಡುವ ಅಭ್ಯಾಸ ಹೋಗಿಲ್ಲ, ಈಗಲೇ ಎರಡು ಸಲ ಚಪ್ಪಲಿ ಮೆಟ್ಟಿದೆ. ಮದುವೆಯ ಕೋಟು ಕೊನೆಗೂ ಕೈಗೆತ್ತಿಕೊಂಡೆ. ಭೂತಗನ್ನಡಿ ಅರ್ಧ ಗಂಟೆಗೊಮ್ಮೆ ಇಣುಕಿ, "ಬಂತಾ?" ಅಂತ ಕೇಳುತ್ತಾರೆ. ಇನ್ನೂ ಇಲ್ಲ.

10:50

ಇನ್ನೂ ಇಲ್ಲ. ಅಲ್ಲಿ ಸ್ನಾನ ಮಾಡಿಸುವ ಹೊತ್ತಿರಬೇಕು. ಫೋನ್ ಮಾಡುವುದಿಲ್ಲ. ಕಾಯುತ್ತೇನೆ. ಕಾಯಲು ಕಲಿಸಿದವನ ಮೇಲೆ

ಬಂತು! ಕೆಂಪು ದೀಪ. ಗಂಟೆ. ಒಂದು.

ಚೆನ್ನಾಗಿದ್ದಾನೆ. ನನ್ನ ಅಣ್ಣ ಚೆನ್ನಾಗಿದ್ದಾನೆ.

ಮೆಷಿನ್ ನಿಲ್ಲಿಸಿದ್ದೇನೆ, ಇನ್ನೊಂದು ಬಂದರೆ 'ಬಾ' ಅಂತ. ಪೂರ್ತಿ ಎಣಿಸದೆ ಉತ್ತರ ಬರೆಯಬಾರದು, ಅದೊಂದು ಕಲಿತಿದ್ದೇನೆ. ಹನ್ನೆರಡು. ಹದಿಮೂರು. ಬೀದಿಯಲ್ಲಿ ಯಾರೋ ಹಾರ್ನ್ ಹೊಡೆದರು, ಅದಲ್ಲ. ಹದಿನಾರು. ಹದಿನೇಳು. ಹದಿನೆಂಟು. ಹತ್ತೊಂ